ಅಪ್ಪನ ನಾರ್ಮಲ್ ರಿಪೋರ್ಟು

ನಮ್ಮ ಆಫೀಸಿನ ಮಟ್ಟಿಗೆ ಸುಮಾರು ಎರಡು ವರ್ಷ ಇಡೀ ಥಾಣೆ ಜಿಲ್ಲೆಯಲ್ಲಿ ನನ್ನ ಅಪ್ಪನಷ್ಟು ಗಟ್ಟಿಮುಟ್ಟಾದ ಮನುಷ್ಯ ಇನ್ನೊಬ್ಬನಿರಲಿಲ್ಲ. ಅವರ ಖಾಲಿ ಹೊಟ್ಟೆಯ ಸಕ್ಕರೆ ತೊಂಬತ್ತಾರು. ಕಿಡ್ನಿ ಹೇಗಿದೆ ಎಂದು ಹೇಳುವ ಕ್ರಿಯೇಟಿನಿನ್ ಪಾಯಿಂಟ್ ಒಂಬತ್ತು. ಸೋಮವಾರವೂ ಅಷ್ಟೇ, ಶನಿವಾರವೂ ಅಷ್ಟೇ. ರಬಾಳೆಯ ನಮ್ಮ ಆಫೀಸಿನ ಕಟ್ಟಡದಲ್ಲಿ ಕೂತು ನಾವು ದಿನಕ್ಕೆ ಎಷ್ಟು ಸಲ ಕೇಳಿದರೂ ಅದೇ ಉತ್ತರ ಬರುತ್ತಿತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರು ಅಪ್ಪನ ಮುಖ ನೋಡಿದವರಲ್ಲ, ಆದರೆ ಅವರ ಕೊಲೆಸ್ಟ್ರಾಲ್ ಎಷ್ಟೆಂದು ಕೇಳಿದರೆ ಬಾಯಿಪಾಠ ಒಪ್ಪಿಸುತ್ತಿದ್ದರು.

ನಾನು ಅಲ್ಲಿ ಟೆಸ್ಟರ್ ಆಗಿದ್ದೆ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕುವುದು ನನ್ನ ಕಸುಬು. ಅಮ್ಮ ಇದನ್ನು ನೆಂಟರಿಗೆ "ಇವಳಿಗೆ ಸಂಬಳ ಕೊಟ್ಟು ಕೊಂಕು ಹೇಳಿಸ್ತಾರೆ" ಎಂದು ವಿವರಿಸುತ್ತಿದ್ದಳು. ನಮ್ಮ ಮ್ಯಾನೇಜರ್ ಕೊಡುತ್ತಿದ್ದ ವಿವರಣೆಗಿಂತ ಅದೇ ಸರಿಯಾಗಿತ್ತು. ಆಗ ನಾವು ಮಾಡುತ್ತಿದ್ದದ್ದು ಊರೂರಲ್ಲಿ ಶಾಖೆಗಳಿದ್ದ ಒಂದು ರಕ್ತಪರೀಕ್ಷೆಯ ಲ್ಯಾಬಿಗೆ ಮೊಬೈಲ್ ಆ್ಯಪು. ಸ್ಮಾರ್ಟ್‌ಫೋನು ಆಗಷ್ಟೇ ಎಲ್ಲರ ಕೈಗೂ ಬರುತ್ತಿದ್ದ ಕಾಲ. ಜನ ರಿಪೋರ್ಟ್ ತರಲು ಲ್ಯಾಬಿಗೆ ಎರಡನೇ ಸಲ ಅಲೆಯಬಾರದು, ಕೂತಲ್ಲೇ ಫೋನಿನಲ್ಲಿ ನೋಡಿ ಗಾಬರಿಯಾಗಬೇಕು ಎಂಬುದು ಆ ಲ್ಯಾಬಿನವರ ಆಸೆ.

ಆ್ಯಪಿಗೆ ಸ್ವಂತವಾಗಿ ಏನೂ ಗೊತ್ತಿರುವುದಿಲ್ಲ. ಅದು ಲ್ಯಾಬಿನ ಸರ್ವರಿಗೆ "ಈ ನಂಬರಿನ ಪೇಷಂಟಿನ ರಿಪೋರ್ಟ್ ಕೊಡಿ" ಎಂದು ಕೇಳುತ್ತದೆ, ಅಲ್ಲಿಂದ ಬಂದ ಉತ್ತರವನ್ನು ಚಂದ ಮಾಡಿ ತೋರಿಸುತ್ತದೆ. ತೊಂದರೆ ಏನೆಂದರೆ ಲ್ಯಾಬಿನ ಸರ್ವರು ಸರ್ಕಾರಿ ಗುಮಾಸ್ತನ ಸ್ವಭಾವದ್ದು. ಬೆಳಿಗ್ಗೆ ಏಳುತ್ತಿರಲಿಲ್ಲ, ಮಧ್ಯಾಹ್ನ ಊಟಕ್ಕೆ ಹೋದರೆ ಬರುತ್ತಿರಲಿಲ್ಲ. ಅದು ಸತ್ತರೆ ನಮ್ಮ ಕೆಲಸವೂ ನಿಲ್ಲುತ್ತಿತ್ತು. ಎಲ್ಲರೂ ಕೆಳಗೆ ಹೋಗಿ ಅರ್ಧ ಲೋಟದ ಕಟಿಂಗ್ ಚಹಾ ಕುಡಿದು, ಮೇಲೆ ಬಂದು, ಅದು ಇನ್ನೂ ಸತ್ತೇ ಇರುವುದನ್ನು ನೋಡಿ ಮತ್ತೆ ಕೆಳಗೆ ಹೋಗುತ್ತಿದ್ದೆವು.

ಇದಕ್ಕೆ ನಮ್ಮ ಟೀಮ್ ಲೀಡ್ ಒಂದು ಉಪಾಯ ಮಾಡಿದ. ಅವನು ಕಲ್ಯಾಣಿನ ಮರಾಠಿಯವನು, ನನಗಿಂತ ಸ್ವಲ್ಪ ದೊಡ್ಡವನು, ಸೋಮಾರಿತನದಿಂದಲೇ ಬುದ್ಧಿವಂತನಾದವನು. ಆ್ಯಪಿಗೂ ಸರ್ವರಿಗೂ ನಡುವೆ ಪ್ರಾಕ್ಸಿ ಎಂಬ ಒಂದು ಪ್ರೋಗ್ರಾಮನ್ನು ಕೂರಿಸಿದ. ನಮ್ಮ ಪ್ರಶ್ನೆ ಅದರ ಮೂಲಕ ಸರ್ವರಿಗೆ ಹೋಗುತ್ತದೆ. ಸರ್ವರ್ ಕೊಟ್ಟ ಉತ್ತರ ಅದರ ಮೂಲಕವೇ ಹಿಂದೆ ಬರುತ್ತದೆ. ಬರುವಾಗ ಅದು ಆ ಉತ್ತರವನ್ನು ಇದ್ದದ್ದು ಇದ್ದ ಹಾಗೆ ನಕಲು ಮಾಡಿ ಇಟ್ಟುಕೊಳ್ಳುತ್ತದೆ. ಮುಂದೆ ಸರ್ವರ್ ಇರಲಿ ಸಾಯಲಿ, ಅದೇ ಪ್ರಶ್ನೆ ಕೇಳಿದರೆ ಪ್ರಾಕ್ಸಿಯೇ ಆ ಹಳೆಯ ಉತ್ತರವನ್ನು ಕೊಟ್ಟುಬಿಡುತ್ತದೆ. ನಾನು ಹೋಟೆಲಿನವನ ಮಗಳು, ನನಗೆ ಅರ್ಥವಾದದ್ದು ಹೀಗೆ: ಸಪ್ಲೈಯರ್ ಅಡುಗೆಮನೆಗೇ ಹೋಗುವುದಿಲ್ಲ, ನಿನ್ನೆಯ ದೋಸೆಯನ್ನೇ ಇವತ್ತು ತಂದಿಡುತ್ತಾನೆ. ಹೀಗೆಂದಾಗ ಲೀಡ್ "ಗಿರಾಕಿಗೆ ಗೊತ್ತಾಗದಿದ್ದರೆ ಚಲೇಗಾ" ಅಂದ.

ಹಾಗಾದರೆ ಯಾರ ರಿಪೋರ್ಟನ್ನು ನಕಲು ಮಾಡುವುದು ಎಂಬ ಪ್ರಶ್ನೆ ಬಂತು. ಲ್ಯಾಬಿನವರು ಪರೀಕ್ಷೆಗೆಂದು ಕೊಟ್ಟ ಪೇಷಂಟುಗಳೆಲ್ಲ ಸುಳ್ಳಿನವರು. ಒಬ್ಬನ ವಯಸ್ಸು ಒಂಬೈನೂರ ತೊಂಬತ್ತೊಂಬತ್ತು, ಇನ್ನೊಬ್ಬನಿಗೆ ರಕ್ತದಲ್ಲಿ ಹಿಮೋಗ್ಲೋಬಿನ್ನೇ ಇಲ್ಲ. ಲೀಡಿಗೆ ನಿಜವಾದ ಉತ್ತರವೇ ಬೇಕಿತ್ತು. ನಿಜವಾದ ಉತ್ತರ ಬೇಕೆಂದರೆ ನಿಜವಾದ ಮನುಷ್ಯ ಬೇಕು, ಅವನ ಒಪ್ಪಿಗೆಯೂ ಬೇಕು. ಟೀಮಿನವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಪಕ್ಕದ ಕುರ್ಚಿಯವನಿಗೆ ಸಂಬಳದ ಚೀಟಿ ಬೇಕಾದರೂ ತೋರಿಸಿಯಾರು, ರಕ್ತದ ಚೀಟಿ ಯಾರೂ ತೋರಿಸಲಾರರು. ಆಗ ನಾನು, ದೊಡ್ಡ ಉಪಕಾರಿ, ನಮ್ಮ ಅಪ್ಪನದ್ದು ಕೊಡುತ್ತೇನೆ ಎಂದೆ.

ಅಪ್ಪ ಆಗಷ್ಟೇ ಡೊಂಬಿವಲಿಯ ಶಾಖೆಯಲ್ಲಿ ರಕ್ತ ಕೊಟ್ಟು ಬಂದಿದ್ದರು, ಎಲ್ಲವೂ ನಾರ್ಮಲ್ ಬಂದಿತ್ತು. ಅದನ್ನು ಮನೆಯಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದ ಹಾಗೆ ಸಾರಿದ್ದೂ ಆಗಿತ್ತು. ಆಫೀಸಿಗೆ ಕೊಡಲಾ ಎಂದು ಕೇಳಿದರೆ, "ಕೊಡು ಕೊಡು. ನನ್ನ ರಕ್ತದಲ್ಲಿ ಕದ್ದದ್ದೆಂತ ಉಂಟು? ನೋಡ್ಲಿ," ಅಂದರು. ಅಪ್ಪ ತುಳುವಿನವರು, ಅಮ್ಮ ಕುಂದಾಪುರದ ಕಡೆಯವಳು. ಒಬ್ಬರ ಮಾತಿಗೆ ಇನ್ನೊಬ್ಬರು ನಗುತ್ತಾ ನಗುತ್ತಾ ಕೊನೆಗೆ ಮನೆಯಲ್ಲಿ ಇಬ್ಬರದ್ದೂ ಅಲ್ಲದ ಒಂದು ಕನ್ನಡ ನಿಂತಿತ್ತು.

ಸರ್ವರ್ ಬದುಕಿದ್ದ ಒಂದು ಮಧ್ಯಾಹ್ನ ನಾನೇ ಅಪ್ಪನ ಪೇಷಂಟ್ ನಂಬರ್ ಹಾಕಿದೆ, ಉತ್ತರ ಬಂತು, ಪ್ರಾಕ್ಸಿ ನಕಲು ಮಾಡಿಕೊಂಡಿತು. ಆಮೇಲೆ ಒಂದು ಸಣ್ಣ ಕಿರಿಕಿರಿ ಉಳಿಯಿತು. ರಿಪೋರ್ಟ್ ಹಳೆಯದಾದರೆ ಆ್ಯಪು "ನಿಮ್ಮ ಪರೀಕ್ಷೆ ಮಾಡಿಸಿ ಬಹಳ ದಿನವಾಯಿತು" ಎಂದು ಬೊಬ್ಬೆ ಹಾಕುತ್ತಿತ್ತು. ಅದರ ಬಾಯಿ ಮುಚ್ಚಿಸಲು ಲೀಡ್ ಏನು ಮಾಡಿದನೆಂದರೆ, ನಕಲಿನ ಉತ್ತರವನ್ನು ಕೊಡುವಾಗ ಪ್ರತಿ ಸಲ ತಾರೀಖು ಮಾತ್ರ ಆ ದಿನದ್ದೇ ಬರುವಂತೆ ಮಾಡಿದ. ಹೀಗೆ ನನ್ನ ಅಪ್ಪ ಪ್ರತಿ ದಿನ ಹೊಸದಾಗಿ ಆರೋಗ್ಯವಂತರಾಗತೊಡಗಿದರು.

ಈ ಸಕ್ಕರೆಯ ವಿಷಯ ನಮ್ಮ ಮನೆಯಲ್ಲಿ ತಮಾಷೆಯದ್ದಾಗಿರಲಿಲ್ಲ. ಅಪ್ಪನ ಅಮ್ಮ, ಅಂದರೆ ನನ್ನ ಅಜ್ಜಿ, ಸಕ್ಕರೆ ಕಾಯಿಲೆಯಿಂದ ಕಿಡ್ನಿ ಕೆಟ್ಟು ನಮ್ಮ ಡೊಂಬಿವಲಿಯ ಮನೆಯಲ್ಲೇ ತೀರಿಕೊಂಡವರು. ಒಂದು ಕೋಣೆ, ಒಂದು ಅಡುಗೆಮನೆ, ಅಷ್ಟರಲ್ಲಿ ನಾವೆಲ್ಲರೂ ಮತ್ತು ಅಜ್ಜಿಯ ಕಾಯಿಲೆ. ಅಪ್ಪ ಬೆಳಗಾಗುವ ಮೊದಲೇ ಲೋಕಲ್ ರೈಲು ಹಿಡಿದು ಥಾಣೆಗೆ ಹೋಗುತ್ತಿದ್ದರು. ವಾಗ್ಳೆ ಎಸ್ಟೇಟಿನ ಒಂದು ಉಡುಪಿ ಹೋಟೆಲಿನಲ್ಲಿ ಅವರು ಮ್ಯಾನೇಜರು, ಗಲ್ಲಾದ ಮೇಲೆ ಕೂರುವವರು. ಡಯಾಲಿಸಿಸ್ಸಿಗೆ ಅಜ್ಜಿಯನ್ನು ರಿಕ್ಷಾದಲ್ಲಿ ಎತ್ತಿ ಕೂರಿಸಿ ಇಳಿಸಿ ತರುವ ಕೆಲಸ ಅಮ್ಮನದ್ದೇ ಆಗಿತ್ತು. ತರಕಾರಿಯನ್ನು ಎರಡೆರಡು ಸಲ ಬೇಯಿಸಿ ನೀರು ಚೆಲ್ಲುವವಳೂ ಅವಳೇ. ದಿನಕ್ಕೆ ಇಷ್ಟೇ ನೀರು ಎಂದು ಅಳೆದು ಕೊಡುವುದು ಅಮ್ಮನ ಕೆಲಸ, ಸಿಗದ ನೀರಿಗಾಗಿ ಅಜ್ಜಿಯಿಂದ ಬೈಗುಳ ತಿನ್ನುವುದೂ ಅಮ್ಮನದ್ದೇ ಕೆಲಸ. ಅವಳ ಸೊಂಟನೋವು ಆ ವರ್ಷಗಳ ಗಳಿಕೆ.

ಹಾಗಾಗಿ ಅಪ್ಪನಿಗೆ ಸಕ್ಕರೆ ಶುರುವಾದಾಗ, ಮಾತ್ರೆಯಲ್ಲಿ ಹಿಡಿತದಲ್ಲಿದ್ದರೂ, ಅಮ್ಮನಿಗೆ ಅದೊಂದು ಭಯ ಕೂತುಬಿಟ್ಟಿತ್ತು. ಬೇರೆ ಮನೆಗಳಲ್ಲಿ ಗಂಡ ಬಂದ ಕೂಡಲೇ ಗಾಡಿ ಲೇಟಾಯಿತಾ ಎಂದು ಕೇಳುತ್ತಾರೆ. ನಮ್ಮಲ್ಲಿ ಅಮ್ಮ, "ಲ್ಯಾಬಿಗೆ ಹೋದದ್ದಾ? ಎಷ್ಟುಂಟು?" ಎಂದು ಕೇಳುತ್ತಿದ್ದಳು. ತೊಂಬತ್ತಾರು ಎಂದು ಕೇಳಿದ ಮೇಲೆಯೇ ಅವಳಿಗೆ ಊಟ ಸೇರುತ್ತಿತ್ತು.

ಅಪ್ಪನ ಫೋನಿನಲ್ಲಿ ಆ ಆ್ಯಪನ್ನು ಹಾಕಿಕೊಟ್ಟದ್ದು ನಾನೇ. ಲ್ಯಾಬಿನ ದೊಡ್ಡವರಿಗೆ ತೋರಿಸಲೆಂದು ನಾವು ಒಂದು ಡೆಮೊ ಮಾಡಿದ್ದೆವು. ಅದಕ್ಕೆ ಸರ್ವರೂ ಬೇಡ, ನೆಟ್‌ವರ್ಕೂ ಬೇಡ. ಪ್ರಾಕ್ಸಿ ನಕಲು ಮಾಡಿದ ಉತ್ತರಗಳನ್ನು ಅದರ ಹೊಟ್ಟೆಯೊಳಗೇ ತುಂಬಿದ್ದೆವು, ತಾರೀಖಿನ ಉಪಾಯವೂ ಸೇರಿ. ಮಗಳು ಏನು ಕೆಲಸ ಮಾಡುತ್ತಾಳೆಂದು ಅಪ್ಪನಿಗೆ ನೋಡಬೇಕಿತ್ತು, ತೋರಿಸಿದೆ. ತನ್ನ ಹೆಸರು, ತನ್ನ ವಯಸ್ಸು, ತನ್ನ ರಕ್ತ, ಎಲ್ಲದರ ಮುಂದೆ ಹಸಿರು ಚುಕ್ಕೆ. ಅಪ್ಪ ಅದನ್ನು ಗಲ್ಲಾದಲ್ಲಿ ಕೂತು ಖಾಯಂ ಗಿರಾಕಿಗಳಿಗೆಲ್ಲ ತೋರಿಸಿದರಂತೆ. ಮುಂದೆ ನಿಜವಾದ ಆ್ಯಪು ಬಂದಾಗ, ಇದನ್ನು ತೆಗೆದು ಅದನ್ನು ಹಾಕಿಕೊಳ್ಳಿ ಎಂದು ನಾನು ಹೇಳಿದ್ದುಂಟು. "ಇದೇ ಸಾಕು, ಚಂದ ಉಂಟು" ಅಂದರು. ಅದು ಮಗಳ ಮೇಲಿನ ಪ್ರೀತಿ ಎಂದು ನಾನು ತಿಳಿದೆ. ಹೆಣ್ಣುಮಕ್ಕಳಿಗೆ ಇಂಥ ಭ್ರಮೆಗಳು ಸುಲಭವಾಗಿ ಹಿಡಿಯುತ್ತವೆ.

ಮೂರು ತಿಂಗಳಿಗೊಮ್ಮೆ ಅಪ್ಪ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬರುತ್ತಿದ್ದರು. ಅದರಲ್ಲಿ ಮೋಸವಿರಲಿಲ್ಲ. ಮರುದಿನ ಸಂಜೆ ಅಮ್ಮ ಎಷ್ಟುಂಟು ಎಂದು ಕೇಳಿದರೆ ಫೋನ್ ತೆಗೆದು ಎದುರಿಗೆ ಹಿಡಿಯುತ್ತಿದ್ದರು. ಅಮ್ಮ ಕನ್ನಡಕ ಹಾಕಿ ಹಸಿರು ಚುಕ್ಕೆಗಳನ್ನು ನೋಡಿ, "ದೇವರು ದೊಡ್ಡವ" ಎಂದು ಅಪ್ಪನಿಗೆ ಇನ್ನೊಂದು ಸೌಟು ಪಲ್ಯ ಬಡಿಸುತ್ತಿದ್ದಳು. ನಾನು ಪಕ್ಕದಲ್ಲೇ ಕೂತು ಉಣ್ಣುತ್ತಿದ್ದೆ. ಫೋನು ನನ್ನ ಕಣ್ಣಿಗೂ ಬೀಳುತ್ತಿತ್ತು. ತೊಂಬತ್ತಾರು, ಪಾಯಿಂಟ್ ಒಂಬತ್ತು. ಇಡೀ ದಿನ ಆಫೀಸಿನಲ್ಲಿ ನೋಡಿದ ಅಂಕಿಗಳೇ ಮನೆಯಲ್ಲೂ ಕಂಡರೆ ಮನುಷ್ಯರಿಗೆ ಅನುಮಾನ ಬರಬೇಕು. ನನಗೆ ಸಮಾಧಾನವಾಗುತ್ತಿತ್ತು. ಎಲ್ಲರ ತಪ್ಪು ಹುಡುಕಲು ಸಂಬಳ ಪಡೆಯುತ್ತಿದ್ದ ನಾನು, ಊಟದ ಹೊತ್ತಿನಲ್ಲಿ ಬಿಟ್ಟಿ ಕೆಲಸ ಮಾಡುತ್ತಿರಲಿಲ್ಲ ಎಂದು ಇಟ್ಟುಕೊಳ್ಳಿ.

ಹೀಗಿರುವಾಗ ಲ್ಯಾಬಿನವರು ಸರ್ವರನ್ನೇ ಬದಲಿಸಿದರು. ಹೊಸದು ಚುರುಕು, ಆದರೆ ಅದು ಉತ್ತರ ಕೊಡುವ ರೀತಿ ಬೇರೆ. ಒಂದೇ ರಿಪೋರ್ಟಿನ ಬದಲು ಹಿಂದಿನವನ್ನೂ ಸೇರಿಸಿ ಸಾಲಾಗಿ ಕಳಿಸುತ್ತಿತ್ತು. ನಮ್ಮ ಹಳೆಯ ನಕಲುಗಳೆಲ್ಲ ಉಪಯೋಗಕ್ಕೆ ಬಾರದವಾದವು. ಲೀಡ್ ನನ್ನ ಮೇಜಿಗೆ ಬಂದು, "ಪ್ರಾಕ್ಸಿ ಹಚ್ಚು, ಎಲ್ಲ ಮತ್ತೊಮ್ಮೆ ರೆಕಾರ್ಡ್ ಮಾಡು. ನಂಬರ್ ನಿಮ್ಮ ಬಾಬಾರದ್ದೇ ಇರಲಿ, ಎಲ್ಲರಿಗೂ ರೂಢಿಯಾಗಿದೆ," ಅಂದ. ಅವನು ಹೇಳಿದ್ದು ಹಿಂದಿಯಲ್ಲಿ. ಆ ಆಫೀಸಿನಲ್ಲಿ ಪ್ರೀತಿ ಮರಾಠಿಯಲ್ಲಿ, ಕೆಲಸ ಹಿಂದಿಯಲ್ಲಿ, ತಪ್ಪೊಪ್ಪಿಗೆ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು.

ನಾನು ಅಪ್ಪನ ನಂಬರ್ ಹಾಕಿ ಕಳಿಸಿದೆ. ಪ್ರಶ್ನೆ ಪ್ರಾಕ್ಸಿಯ ಮೂಲಕ ಹೋಯಿತು, ಉತ್ತರ ಬಂತು, ಫೋನಿನ ಪರದೆ ಕೆಂಪಾಯಿತು. ಖಾಲಿ ಹೊಟ್ಟೆಯ ಸಕ್ಕರೆ ಇನ್ನೂರ ಹದಿನಾಲ್ಕು. ಕ್ರಿಯೇಟಿನಿನ್ ಎರಡು ಪಾಯಿಂಟ್ ಮೂರು.

ಆ ಕ್ಷಣ ನನ್ನ ಎದೆ ಧಸಕ್ಕೆಂದಿತು ಎಂದು ಬರೆದರೆ ಓದಲು ಚೆನ್ನಾಗಿರುತ್ತಿತ್ತು. ನಿಜವಾಗಿ ಆದದ್ದು ಬೇರೆ. ನನಗೆ ಖುಷಿಯಾಯಿತು. ಹೊಸ ಸರ್ವರಿನ ಉತ್ತರವನ್ನು ನಮ್ಮ ಹುಡುಗರು ಸರಿಯಾಗಿ ಓದಿಲ್ಲ, ಒಬ್ಬರ ಅಂಕಿ ಇನ್ನೊಬ್ಬರಿಗೆ ಸೇರಿಸಿದ್ದಾರೆ, ದೊಡ್ಡ ಮೀನೇ ಸಿಕ್ಕಿತು ಎಂದುಕೊಂಡೆ. ತಪ್ಪುಗಳನ್ನು ದಾಖಲಿಸುವ ಪಟ್ಟಿಯಲ್ಲಿ, ಅತಿ ಗಂಭೀರ ಎಂದು ಗುರುತು ಹಾಕಿ, "ಗೊತ್ತಿರುವ ಪೇಷಂಟಿನ ಅಂಕಿಗಳು ತಪ್ಪಾಗಿ ಕಾಣುತ್ತಿವೆ" ಎಂದು ಬರೆದೆ. ಸರಿಯಾದ ಉತ್ತರ ಯಾವುದು ಎಂಬ ಕಡೆ ತೊಂಬತ್ತಾರು ಎಂದು ತುಂಬಿದೆ. ಹೆತ್ತ ಅಪ್ಪನ ರಕ್ತದ ಮೇಲೆ ನಾನು ದೂರು ಕೊಟ್ಟದ್ದು ಹೀಗೆ.

ಲೀಡ್ ಅದನ್ನು ನೋಡಲು ಬಂದ. ಮೊದಲು ಅವನ ಮುಖವೂ ಅರಳಿತು. ನಮ್ಮಲ್ಲಿ ಹಸಿರು ಚುಕ್ಕೆಯ ರಿಪೋರ್ಟುಗಳೇ ಇದ್ದವು, ಕೆಂಪು ಹೇಗೆ ಕಾಣುತ್ತದೆಂದು ಪರೀಕ್ಷಿಸಲು ನಿಜವಾದದ್ದು ಒಂದೂ ಇರಲಿಲ್ಲ. "ಮಸ್ತ್. ಒಂದೇ ರಿಪೋರ್ಟಿನಲ್ಲಿ ಎಲ್ಲ ಕೆಂಪು," ಅಂದ. ಆಮೇಲೆ ಪ್ರಾಕ್ಸಿ ಹಿಡಿದಿಟ್ಟ ಉತ್ತರವನ್ನು, ಆ್ಯಪಿನ ಅಲಂಕಾರವಿಲ್ಲದೆ, ಸರ್ವರ್ ಕಳಿಸಿದ ಹಾಗೇ ತೆರೆದು ಮೇಲಿನಿಂದ ಓದತೊಡಗಿದ. ಓದುತ್ತಾ ಓದುತ್ತಾ ಅವನ ಧ್ವನಿ ಇಳಿಯಿತು. ಅಪ್ಪನ ಹೆಸರು, ಅಪ್ಪನ ವಯಸ್ಸು. ರಕ್ತ ತೆಗೆದದ್ದು ಡೊಂಬಿವಲಿಯಲ್ಲಿ, ಹಿಂದಿನ ತಿಂಗಳು. ಅದರ ಕೆಳಗೆ ಅದಕ್ಕೂ ಹಿಂದಿನದು, ಅದರ ಕೆಳಗೆ ಇನ್ನೊಂದು. ಕೆಳಗಿನಿಂದ ಮೇಲಕ್ಕೆ ಓದಿದರೆ ಸಕ್ಕರೆ ಮೆಟ್ಟಿಲು ಹತ್ತುತ್ತಿತ್ತು, ಅದರ ಹಿಂದೆಯೇ ಕಿಡ್ನಿಯ ಅಂಕಿಯೂ. ಎಲ್ಲಕ್ಕಿಂತ ತಳದಲ್ಲಿ ನಮ್ಮ ಹಳೆಯ ತೊಂಬತ್ತಾರು ಇತ್ತು.

"ಆ್ಯಪು ಸರಿಯಾಗೇ ತೋರಿಸುತ್ತಿದೆ," ಅಂದ ಲೀಡ್. ಆಮೇಲೆ ಮರಾಠಿಯಲ್ಲಿ "ತೂ ಘರೀ ಜಾ", ನೀನು ಮನೆಗೆ ಹೋಗು, ಅಂದ. ನನ್ನ ದೂರಿನ ಎದುರು 'ದೋಷವಲ್ಲ' ಎಂದು ಬರೆದು ಮುಚ್ಚಿದ್ದನ್ನು ನಾನು ಎದ್ದು ಹೊರಡುವಾಗ ನೋಡಿದೆ. ಎದೆ ಧಸಕ್ಕೆಂದದ್ದು ಆಗ. ಅಜ್ಜಿಯ ಡಯಾಲಿಸಿಸ್ ಶುರುವಾಗುವ ಮೊದಲು ಮನೆಯಲ್ಲಿ ದೊಡ್ಡವರು ಪಿಸುಗುಟ್ಟುತ್ತಿದ್ದ ಅಂಕಿಗಳು ಇಂಥವೇ ಎಂದು ನೆನಪಾಯಿತು. ಅದರ ಹಿಂದೆಯೇ ಸಿಟ್ಟು ಬಂತು, ಕೆಟ್ಟ ಸಿಟ್ಟು.

ಮನೆಗೆ ಹೋಗಲಿಲ್ಲ. ರಬಾಳೆಯಿಂದ ಗಾಡಿ ಹಿಡಿದು ಥಾಣೆಯಲ್ಲಿ ಇಳಿದು, ಶೇರ್ ರಿಕ್ಷಾದಲ್ಲಿ ಯಾರದ್ದೋ ಟಿಫಿನ್ ಚೀಲ ತೊಡೆಯ ಮೇಲೆ ಹೊತ್ತು ವಾಗ್ಳೆ ಎಸ್ಟೇಟಿಗೆ ಹೋದೆ. ದಾರಿಯುದ್ದಕ್ಕೂ ಅಪ್ಪನಿಗೆ ಬೈಯಲು ಮಾತು ಜೋಡಿಸಿಕೊಂಡೆ. ನಿಮಗೆ ಫೋನ್ ನೋಡಲು ಬರುವುದಿಲ್ಲವಾ, ಕಾಗದದ ರಿಪೋರ್ಟ್ ಓದುವುದಿಲ್ಲವಾ, ಡೆಮೊ ಎಂದರೆ ಏನೆಂದು ಎಷ್ಟು ಸಲ ಹೇಳಿದ್ದೆ ಎಂದೆಲ್ಲ. ಪಾಪ, ಮಗಳ ಆ್ಯಪನ್ನು ಕಣ್ಣುಮುಚ್ಚಿ ನಂಬಿ ಕೆಟ್ಟರು ಎಂದೇ ನನ್ನ ತೀರ್ಮಾನ. ಅಪ್ಪ ಮೂವತ್ತು ವರ್ಷ ಗಲ್ಲಾದಲ್ಲಿ ಕೂತವರು, ಅಷ್ಟು ಸುಲಭಕ್ಕೆ ಯಾವುದನ್ನೂ ನಂಬಿದವರಲ್ಲ ಎಂಬುದು ಆಗ ತಲೆಗೆ ಹೊಳೆಯಲಿಲ್ಲ.

ಮಧ್ಯಾಹ್ನದ ಊಟ ಮುಗಿದು ಸಂಜೆಯ ತಿಂಡಿ ಶುರುವಾಗದ ಹೊತ್ತು. ಹೋಟೆಲ್ ಖಾಲಿಯಿತ್ತು. ಸಪ್ಲೈಯರ್ ಒಬ್ಬ ಕುರ್ಚಿಗಳನ್ನು ಮೇಜಿನ ಮೇಲೆ ಕವುಚಿ ನೆಲ ಒರೆಸುತ್ತಿದ್ದ. ನನ್ನನ್ನು ನೋಡಿ ಅಪ್ಪ ಗಾಬರಿಯಾಗಲಿಲ್ಲ, ಒಳಗೆ ಕೂಗಿ ಒಂದು ಕಾಫಿ ಹೇಳಿದರು. ನಾನು ಗಲ್ಲಾದ ಎದುರು ನಿಂತೇ, "ನಿಮ್ಮ ರಿಪೋರ್ಟ್ ನೋಡಿದೆ," ಅಂದೆ.

"ಯಾವುದು?" ಅಂದರು ಅಪ್ಪ. "ನಿಮ್ಮ ಆಫೀಸಿನದ್ದಾ, ಲ್ಯಾಬಿನದ್ದಾ?"

ದಾರಿಯಲ್ಲಿ ಜೋಡಿಸಿದ ಮಾತೆಲ್ಲ ಅಲ್ಲೇ ಬಿದ್ದುಹೋಯಿತು. "ಹಾಗಾದ್ರೆ ನಿಮಗೆ ಗೊತ್ತಿತ್ತು."

"ಮೊದಲ ಸಲ ಗೊತ್ತಿರ್ಲಿಲ್ಲ ಮಾರಾಯ್ತಿ. ಲ್ಯಾಬಿನವ ಕೊಟ್ಟ ಕಾಗದದಲ್ಲಿ ನೂರ ನಲವತ್ತು, ಫೋನಲ್ಲಿ ತೊಂಬತ್ತಾರು. ಇದೆಂತ ಹೀಗೆ ಅಂತ ನಿನ್ನತ್ರ ಕೇಳ್ಬೇಕು ಅಂತಲೇ ಮನೆಗೆ ಬಂದವ ನಾನು. ಒಳಗೆ ಕಾಲಿಡುವಾಗಲೇ ನಿನ್ನ ಅಮ್ಮ ಎಷ್ಟುಂಟು ಅಂದ್ಲು. ಕೈಯಲ್ಲಿ ಫೋನಿತ್ತು. ತೋರಿಸಿದೆ."

"ಆಮೇಲೆ?"

"ಆಮೇಲೆ ಎಂತ, ಅವಳಿಗೆ ಖುಷಿಯಾಯ್ತು. ಎರಡನೇ ಸಲವೂ ತೋರಿಸಿದೆ."

ಕಾಫಿ ಬಂತು. ಕುಡಿ ಎಂದು ಕಣ್ಣಲ್ಲೇ ಹೇಳಿದರು. ನಾನು ಮುಟ್ಟಲಿಲ್ಲ. ಡಾಕ್ಟರ್ ಏನು ಹೇಳಿದರು ಎಂದು ಕೇಳಿದೆ.

"ಕಲ್ಯಾಣಿನಲ್ಲಿ ಒಬ್ಬ ಕಿಡ್ನಿ ಡಾಕ್ಟರ್ ಇದ್ದಾರಂತೆ, ತಡ ಮಾಡ್ದೆ ತೋರಿಸಿ ಅಂದ್ರು. ಈಗ ಹಿಡಿದ್ರೆ ಡಯಾಲಿಸಿಸ್ಸಿನವರೆಗೆ ಹೋಗ್ಲಿಕ್ಕಿಲ್ಲ ಅಂತಲೂ ಅಂದ್ರು."

"ತೋರಿಸಿದ್ರಾ?"

"ಮನೆಯವರನ್ನು ಕರ್ಕೊಂಡು ಹೋಗಿ ಅಂದಿದ್ದಾರೆ. ಊಟದ ಕ್ರಮ ಎಲ್ಲ ಅವರಿಗೇ ಹೇಳ್ಬೇಕಂತೆ. ಹಾಗಾಗಿ ಹೋಗ್ಲಿಲ್ಲ."

ಇಷ್ಟು ಸಮಾಧಾನದಲ್ಲಿ ಹೇಳಿದರು. "ಇದೆಂತ ಮಕ್ಕಳಾಟವಾ ಅಪ್ಪ? ಅಜ್ಜಿಗೆ ಆದದ್ದು ನೋಡಿದವರಲ್ವಾ ನೀವು? ಹೋಟೆಲ್ ಬಿಟ್ಟು ಕೂರ್ಬೇಕಾಗ್ತದೆ ಅಂತ ಹೀಗೆ ಮಾಡಿದ್ದಾ?"

"ಹೋಟೆಲಿಗೆ ಬೆಂಕಿ ಬೀಳ್ಲಿ," ಅಂದರು ಅಪ್ಪ. ನೆಲ ಒರೆಸುತ್ತಿದ್ದವನು ತಲೆ ಎತ್ತಿ ನೋಡಿದ, ಮತ್ತೆ ಒರೆಸಿದ. ಅಪ್ಪ ಧ್ವನಿ ತಗ್ಗಿಸಿದರು. "ಅಜ್ಜಿಗೆ ಆದದ್ದು ನಾನೆಲ್ಲಿ ನೋಡಿದೆ? ನಾನಿಲ್ಲಿ ಗಲ್ಲಾದಲ್ಲಿದ್ದೆ. ನೋಡಿದವಳು ನಿನ್ನ ಅಮ್ಮ. ಅಜ್ಜಿಯ ಬೊಜ್ಜದ ದಿನ, ಹದಿಮೂರನೇ ದಿನದ ಊಟ ಮುಗಿಸಿ ನೆಂಟರೆಲ್ಲ ಹೋದ ಮೇಲೆ, ಅವಳು ಅಡುಗೆಮನೆಯ ನೆಲದಲ್ಲಿ ಗೋಡೆಗೆ ಒರಗಿ ಕೂತಿದ್ಲು. ಒಂದು ಲೋಟ ನೀರು ಕೊಡಲಾ ಅಂತ ಕೇಳಿದೆ. 'ಇನ್ನೊಂದು ಸಲ ಇದು ನನ್ನಿಂದ ಆಗುದಿಲ್ಲ' ಅಂದ್ಲು. ಅಷ್ಟೇ ಹೇಳಿದ್ದು. ಮದುವೆಯಾದ ಮೇಲೆ ಅವಳು ಯಾವುದಕ್ಕೂ ಆಗುದಿಲ್ಲ ಅಂತ ಹೇಳಿದ್ದು ಅದೊಂದೇ ಸಲ. ಈಗ ನಾನು ಹೋಗಿ ಅವಳತ್ರ ಎಂತ ಹೇಳುದು?"

ಆ ದಿನ ನಾನೂ ಮನೆಯಲ್ಲಿದ್ದೆ, ಆ ಮಾತು ನನ್ನ ಕಿವಿಗೆ ಬಿದ್ದಿರಲಿಲ್ಲ. ಅದಾಗಿ ಹನ್ನೆರಡು ವರ್ಷದ ಮೇಲಾಗಿತ್ತು. ಅಷ್ಟೂ ವರ್ಷ ಅಪ್ಪ ಅದನ್ನು ಒಂದಕ್ಷರ ಅಳಿಸದೆ ಇಟ್ಟುಕೊಂಡಿದ್ದರು. ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ, ಆದರೆ ಬಿಟ್ಟುಕೊಡುವ ಜಾತಿಯವಳೂ ನಾನಲ್ಲ. ಇವತ್ತು ಸಂಜೆ ಅಮ್ಮನಿಗೆ ನೀವೇ ಹೇಳಬೇಕು, ನೀವು ಹೇಳದಿದ್ದರೆ ನಾನು ಹೇಳುತ್ತೇನೆ ಅಂದೆ. ಅಪ್ಪ ಫೋನನ್ನು ಗಲ್ಲಾದ ಮೇಲಿಂದ ನನ್ನ ಕಡೆ ಸರಿಸಿದರು. ನಾನು ಡೆಮೊ ತೆಗೆದು ನಿಜವಾದ ಆ್ಯಪು ಹಾಕಿದೆ. ಅದು ಲ್ಯಾಬಿನ ಸರ್ವರನ್ನು ಕೇಳಿತು, ಕ್ಷಣದಲ್ಲಿ ಎಲ್ಲ ಕೆಂಪು ಬಂತು. ನಾವು ಮಾಡಿದ ಆ್ಯಪು ಅಷ್ಟು ಚೆನ್ನಾಗಿ ಕೆಲಸ ಮಾಡಿದ್ದನ್ನು ನಾನು ಅದುವರೆಗೆ ನೋಡಿರಲಿಲ್ಲ.

ಇಬ್ಬರೂ ಒಟ್ಟಿಗೆ ಡೊಂಬಿವಲಿಗೆ ಬಂದೆವು. ಗಾಡಿಯಲ್ಲಿ ಅಪ್ಪ ಜನರಲ್ ಡಬ್ಬಾ, ನಾನು ಲೇಡೀಸ್ ಡಬ್ಬಾ, ಹಾಗಾಗಿ ದಾರಿಯಲ್ಲಿ ಮಾತಾಡುವುದು ತಪ್ಪಿತು. ಅಪ್ಪ ಇಷ್ಟು ಬೇಗ ಬಂದದ್ದು ನೋಡಿ ಅಮ್ಮ ಏನೋ ಕೇಳಲು ಹೊರಟವಳು ನನ್ನ ಮುಖ ನೋಡಿ ಅಡುಗೆಮನೆಗೆ ಹೋದಳು. ಬೇಗನೇ ತಟ್ಟೆ ಹಾಕಿದಳು. ಬಸಳೆಯ ಸಾಂಬಾರು, ಮೇಲೆ ಹುರಿದ ಹಪ್ಪಳ. ಅಪ್ಪ ಅನ್ನಕ್ಕೆ ಕೈ ಹಾಕದೆ ಫೋನನ್ನು ಅವಳ ಎದುರಿಗೆ ಹಿಡಿದರು. ಅವಳು ಕೇಳುವ ಮೊದಲೇ ತೋರಿಸಿದ್ದು ಅದೇ ಮೊದಲು.

ಅಮ್ಮ ಕನ್ನಡಕ ಹಾಕಿ ನೋಡಿದಳು. "ಇದೆಂತ, ಎಲ್ಲ ಕೆಂಪು ಉಂಟಲ್ಲ," ಎಂದು ನನ್ನ ಕಡೆ ತಿರುಗಿದಳು, ನನ್ನ ಆಫೀಸಿನದ್ದೇ ಏನೋ ಎಡವಟ್ಟು ಎಂಬಂತೆ. ಅಪ್ಪನೇ ಹೇಳಿದರು. ಸುಮಾರು ಎರಡು ವರ್ಷದಿಂದ ಏರುತ್ತಿರುವ ಸಕ್ಕರೆ, ಕಿಡ್ನಿ, ಕಲ್ಯಾಣಿನ ಡಾಕ್ಟರು, ಹಸಿರು ಚುಕ್ಕೆಯ ಹಳೆಯ ರಿಪೋರ್ಟು. ಅಡ್ಡ ಮಾತಿಲ್ಲದೆ, ಗಿರಾಕಿಗೆ ಬಿಲ್ ಹೇಳುವ ಹಾಗೆ ಹೇಳಿ ಮುಗಿಸಿದರು.

ಅಮ್ಮ ಅಳುತ್ತಾಳೆ ಎಂದು ನಾನು ಅಂದುಕೊಂಡಿದ್ದೆ. ಅವಳು ಅಳಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡಳು. "ನನ್ನತ್ರ ಯಾಕೆ ಹೇಳ್ಲಿಲ್ಲ?" ಎಂದು ಕೇಳಿದಳು.

"ನೀನೇ ಹೇಳಿದ್ದೆಯಲ್ಲ," ಅಂದರು ಅಪ್ಪ. "ಅಮ್ಮನ ಬೊಜ್ಜದ ದಿನ. ಇನ್ನೊಂದು ಸಲ ನನ್ನಿಂದ ಆಗುದಿಲ್ಲ ಅಂತ."

ಅಮ್ಮನಿಗೆ ಅದು ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ನೆನಪಾದದ್ದು ಅವಳ ಮುಖದಲ್ಲಿ ಕಂಡಿತು. "ಹೌದು, ಹೇಳಿದ್ದೆ," ಅಂದಳು. "ಅವತ್ತು ಬೆಳಿಗ್ಗೆಯಿಂದ ನಿಂತು ಬಡಿಸಿ ನನ್ನ ಸೊಂಟ ಬಿದ್ದುಹೋಗಿತ್ತು. ಅವತ್ತು ದೇವರೇ ಬಂದು ಕೇಳಿದ್ರೂ ಆಗುದಿಲ್ಲ ಅಂತಲೇ ಹೇಳ್ತಿದ್ದೆ. ಮರುದಿನ ಕೇಳಿದ್ರಾ ನೀವು? ಅದರ ಮರುವರ್ಷ ಕೇಳಿದ್ರಾ? ನ್ಯಾಯವಾ ಇದು, ಅವತ್ತಿನ ಒಂದು ಮಾತು ಹಿಡ್ಕೊಂಡು ಇಷ್ಟು ವರ್ಷ ನನ್ನ ಪರವಾಗಿ ನೀವೇ ಉತ್ತರ ಕೊಟ್ಕೊಂಡು ಕೂತದ್ದು?"

ಅಪ್ಪ ಫೋನನ್ನು ತಟ್ಟೆಯ ಪಕ್ಕದಲ್ಲಿ ಕವುಚಿ ಇಟ್ಟರು.

"ಅದು ಅವತ್ತು ಹೇಳಿದ್ದು," ಅಂದಳು ಅಮ್ಮ. "ಇವತ್ತು ಕೇಳಿ."

ಪಕ್ಕದ ಮನೆಯ ಟೀವಿಯಲ್ಲಿ ಯಾವುದೋ ಮರಾಠಿ ಸೀರಿಯಲ್ಲಿನ ಸೊಸೆ ಬಿಕ್ಕುತ್ತಿದ್ದಳು. ಕೊನೆಗೆ ಅಪ್ಪ, "ನಿನ್ನಿಂದ ಆಗ್ತದಾ?" ಎಂದು ಕೇಳಿದರು.

"ಆಗ್ತದೆ," ಅಂದಳು ಅಮ್ಮ. "ಬಾಯಿಗೆ ಬಂದ ಹಾಗೆ ಬೈತೇನೆ. ಆದ್ರೆ ಆಗ್ತದೆ." ಅಪ್ಪನ ತಟ್ಟೆಯಿಂದ ಹಪ್ಪಳ ಎತ್ತಿಕೊಂಡು, ಅರ್ಧ ಅನ್ನವನ್ನೂ ಪಾತ್ರೆಗೆ ತೆಗೆದಳು. "ನಾಳೆ ಕಲ್ಯಾಣಿಗೆ ಹೋಗುವ. ಹೋಟೆಲಿಗೆ ರಜೆ ಹೇಳಿ."

ಅಪ್ಪ ಎಡಗೈಯಲ್ಲಿ ಫೋನ್ ತೆಗೆದುಕೊಂಡು ಕೂತಲ್ಲಿಂದಲೇ ಹೋಟೆಲಿಗೆ ರಜೆ ಹೇಳಿದರು. ಆಚೆಯವರಿಗೆ ಕೇಳಿಸದೆ ಎರಡು ಸಲ ಹೇಳಬೇಕಾಯಿತು.